ಪಾರ್ಕಿನ್‌ಸನ್ ಪ್ರಾಣಿ ಮಾದರಿಗಳು: ಪಿಎಚ್‌ಡಿಗೆ ಯಾವುದು ಹಿಡಿಯಲಿ?

ಮೇಘನಾ_ಬಯೋಕೆಮ್ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮುಗಿದಿದೆ, ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕಿದೆ, ಪಿಎಚ್‌ಡಿಗೆ ಸೇರುತ್ತಿದ್ದೇನೆ. ಪಾರ್ಕಿನ್‌ಸನ್ ಕಾಯಿಲೆಯ ಪ್ರಾಣಿ ಮಾದರಿ ಕಟ್ಟುವ ಕೆಲಸದಲ್ಲೇ ಮುಂದೆಯೂ ಉಳಿಯಬೇಕೆಂದಿದ್ದೇನೆ. ಗೈಡ್ ಸೂಚಿಸಿರುವ ಯೋಜನೆ ಹೀಗಿದೆ: ಒಂದು ಗಿಡಮೂಲಿಕೆಯ ಸಾರವನ್ನು ಮೌಸ್‌ಗಳಿಗೆ 14 ದಿನ ಮೊದಲೇ ಕೊಡುವುದು, ಆಮೇಲೆ ಡೋಪಮಿನ್ ನರಕೋಶಗಳನ್ನು ಕೊಲ್ಲಲು ಬಳಸುವ ಎಂಪಿಟಿಪಿ ಚುಚ್ಚುವುದು, ರೋಟರಾಡ್ ಎಂಬ ತಿರುಗುವ ದಂಡದ ಮೇಲೆ ಓಡಿಸಿ ನೋಡಿ, ಮೆದುಳಿನ ಸೆಕ್ಷನ್‌ಗಳಿಗೆ ಡೋಪಮಿನ್ ತಯಾರಿಕೆಯ ಕಿಣ್ವವಾದ ಟೈರೋಸಿನ್ ಹೈಡ್ರಾಕ್ಸಿಲೇಸ್ (ಟಿಎಚ್) ಸ್ಟೇನ್ ಮಾಡುವುದು.

ಲ್ಯಾಬಿನಲ್ಲಿ ಸ್ಟೀರಿಯೋಟ್ಯಾಕ್ಸಿಕ್ ಫ್ರೇಮ್ (ಮೆದುಳಿನ ನಿಖರ ಜಾಗಕ್ಕೆ ಚುಚ್ಚಲು ತಲೆ ಹಿಡಿಯುವ ಚೌಕಟ್ಟು), ಕ್ರಯೋಸ್ಟಾಟ್ (ಹೆಪ್ಪುಗಟ್ಟಿದ ಅಂಗಾಂಶ ಕತ್ತರಿಸುವ ಯಂತ್ರ), ಯುವಿ ಡಿಟೆಕ್ಟರ್ ಇರುವ ಎಚ್‌ಪಿಎಲ್‌ಸಿ (ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇವೆ. ಎಲೆಕ್ಟ್ರೋಕೆಮಿಕಲ್ ಡಿಟೆಕ್ಟರ್ ಇಲ್ಲ. ಈ ಯೋಜನೆಯನ್ನು ರಿವ್ಯೂವರ್‌ಗಳು ಎಲ್ಲಿ ಹಿಡಿಯುತ್ತಾರೆ? ಎಂಪಿಟಿಪಿ, ಮೆದುಳಿಗೇ ಚುಚ್ಚುವ ವಿಷವಾದ 6-ಒಎಚ್‌ಡಿಎ, ಈ ಕಾಯಿಲೆಯಲ್ಲಿ ಗಂಟುಕಟ್ಟುವ ಪ್ರೋಟೀನಿನ ಎಳೆಗಳಾದ ಆಲ್ಫಾ-ಸಿನ್ಯೂಕ್ಲಿನ್ ಫೈಬ್ರಿಲ್, ಇವುಗಳಲ್ಲಿ ಯಾವುದನ್ನು ಕಲಿತರೆ ಮುಂದೆ ಕೈಹಿಡಿಯುತ್ತದೆ?

ನೈಗ್ರಾ_ಎಣಿಕೆ

ಮೇಘನಾ ಅವರೇ, ಮಾದರಿ ಆರಿಸುವ ಮುಂಚೆ ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಡೋಪಮಿನ್ ಕಡಿಮೆಯಾದಾಗ ಚಲನೆ ಏನಾಗುತ್ತದೆ ಎಂಬುದು ಪ್ರಶ್ನೆಯಾದರೆ 6-ಒಎಚ್‌ಡಿಎ. ಮೈಟೋಕಾಂಡ್ರಿಯಾ ಕೆಟ್ಟಾಗ ನೈಗ್ರಾದ (ಡೋಪಮಿನ್ ನರಕೋಶಗಳಿರುವ ಮೆದುಳಿನ ಭಾಗ) ಕೋಶಗಳೇ ಏಕೆ ಮೊದಲು ಸಾಯುತ್ತವೆ ಎಂಬುದಾದರೆ ಎಂಪಿಟಿಪಿ ಅಥವಾ ರೋಟೆನೋನ್ ಎಂಬ ಕೀಟನಾಶಕ. ಸಿನ್ಯೂಕ್ಲಿನ್ ಗಂಟುಗಳು ಒಂದು ಕೋಶದಿಂದ ಇನ್ನೊಂದಕ್ಕೆ ಹೇಗೆ ಹರಡುತ್ತವೆ ಎಂಬುದಾದರೆ ಫೈಬ್ರಿಲ್. ಮಾದರಿ ಮೊದಲು, ಪ್ರಶ್ನೆ ಆಮೇಲೆ ಎಂದು ಹೊರಟ ಥೀಸಿಸ್‌ಗಳು ಕೊನೆಗೆ ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ.

ನಮ್ಮಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಬೆಂಗಳೂರಿನ ಆಂಗ್ಲೋ-ಇಂಡಿಯನ್ ಸಮುದಾಯದಲ್ಲಿ ಪಾರ್ಕಿನ್‌ಸನ್ ಕಡಿಮೆ ಕಾಣುತ್ತದೆ ಎಂಬ ಸಮೀಕ್ಷೆ 2003ರಲ್ಲಿ ಪ್ರಕಟವಾಯಿತು. ಮಿಶ್ರ ಜನಾಂಗದಲ್ಲಿ ಅಪಾಯ ಏಕೆ ಕಡಿಮೆ ಎಂಬ ಪ್ರಶ್ನೆಗೆ ನಿಮ್ಹಾನ್ಸ್‌ನವರು ಎಂಪಿಟಿಪಿಗೆ ಸುಲಭವಾಗಿ ಬಲಿಯಾಗುವ ಸಿ57ಬಿಎಲ್/6ಜೆ ಮೌಸ್‌ಗಳನ್ನೂ ಅದನ್ನು ತಡೆದುಕೊಳ್ಳುವ ಸಿಡಿ-1 ಮೌಸ್‌ಗಳನ್ನೂ ಕೂಡಿಸಿ, ಹುಟ್ಟಿದ ಮಿಶ್ರ ಮರಿಗಳ ನೈಗ್ರಾ ನರಕೋಶಗಳನ್ನು ಎಣಿಸಿದರು. ಎಂಪಿಟಿಪಿ ಹಳೆಯ ಸಾಧನ, ಆದರೆ ಪ್ರಶ್ನೆ ಹೊಸದು. ಪ್ರಶ್ನೆಯಿಂದ ಮಾದರಿ ಹುಟ್ಟುವುದು ಅಂದರೆ ಇದು.

ಈಗ ನಿಮ್ಮ ಯೋಜನೆ. ಎಂಪಿಟಿಪಿ ತಾನಾಗಿ ವಿಷವಲ್ಲ. ಮೆದುಳಿನ ಗ್ಲಿಯಾ ಕೋಶಗಳಲ್ಲಿರುವ ಎಂಎಒ-ಬಿ ಕಿಣ್ವ ಅದನ್ನು ಎಂಪಿಪಿ-ಪ್ಲಸ್ ಆಗಿ ಬದಲಿಸಬೇಕು, ಡೋಪಮಿನ್ ಟ್ರಾನ್ಸ್‌ಪೋರ್ಟರ್ ಅದನ್ನು ನರಕೋಶದೊಳಗೆ ಎಳೆದುಕೊಳ್ಳಬೇಕು, ಆಮೇಲೆ ಅದು ಮೈಟೋಕಾಂಡ್ರಿಯಾದ ಕಾಂಪ್ಲೆಕ್ಸ್-1 ಅನ್ನು ತಡೆಯಬೇಕು. ನಿಮ್ಮ ಸಾರದಲ್ಲಿ ಎಂಎಒ-ಬಿಯನ್ನು ತಡೆಯುವ ಯಾವುದೋ ಫ್ಲೇವನಾಯ್ಡ್ ಇದ್ದರೆ ವಿಷ ತಯಾರಾಗುವುದೇ ಇಲ್ಲ. ಕೋಶಗಳು ಉಳಿದವು, ಆದ್ದರಿಂದ ಸಾರ ನರಕೋಶವನ್ನು ರಕ್ಷಿಸಿತು ಎಂದು ನೀವು ಬರೆಯುತ್ತೀರಿ, ರಿವ್ಯೂವರ್ ಅಲ್ಲೇ ಹಿಡಿಯುತ್ತಾರೆ. ಮೊದಲೇ ಔಷಧಿ ಕೊಡುವ ಎಲ್ಲ ಯೋಜನೆಗಳಿಗೂ ಇದೇ ತೊಡಕು.

ಪರಿಹಾರ ನಿಮ್ಮ ಲ್ಯಾಬಿನಲ್ಲೇ ಇದೆ. ಪ್ರತಿ ಗುಂಪಿನಲ್ಲಿ 4-5 ಮೌಸ್ ಪ್ರತ್ಯೇಕವಾಗಿಟ್ಟು, ಎಂಪಿಟಿಪಿಯ ಕೊನೆಯ ಚುಚ್ಚುಮದ್ದಿನ 90 ನಿಮಿಷಕ್ಕೆ ಸ್ಟ್ರಯೇಟಂ (ನೈಗ್ರಾದ ನರತಂತುಗಳು ತಲುಪುವ ಮೆದುಳಿನ ಭಾಗ) ತೆಗೆದು ಎಂಪಿಪಿ-ಪ್ಲಸ್ ಅಳೆಯಿರಿ. ಇದಕ್ಕೆ ಎಲೆಕ್ಟ್ರೋಕೆಮಿಕಲ್ ಡಿಟೆಕ್ಟರ್ ಬೇಕಿಲ್ಲ, 295 ನ್ಯಾನೋಮೀಟರ್‌ನಲ್ಲಿ ಯುವಿ ಸಾಕು. ಸಾರ ಕೊಟ್ಟ ಗುಂಪಿನಲ್ಲೂ ಕೊಡದ ಗುಂಪಿನಲ್ಲೂ ಅದು ಒಂದೇ ಮಟ್ಟದಲ್ಲಿದ್ದರೆ ಮಾತ್ರ ರಕ್ಷಣೆಯ ಮಾತಾಡಬಹುದು. ಡೋಪಮಿನ್, ಅದು ಒಡೆದಾಗ ಬರುವ ಡೋಪ್ಯಾಕ್, ಎಚ್‌ವಿಎ ಅಳೆಯಲು ಮಾತ್ರ ಎಲೆಕ್ಟ್ರೋಕೆಮಿಕಲ್ ಡಿಟೆಕ್ಟರ್ ಇರುವ ಬೇರೆ ಲ್ಯಾಬ್ ಹುಡುಕಿಕೊಳ್ಳಿ. ಅಂಗಾಂಶವನ್ನು ಕೂಡಲೇ ಹೆಪ್ಪುಗಟ್ಟಿಸಿ ಮೈನಸ್ 80ರಲ್ಲಿ ಇಟ್ಟರೆ ಕಳಿಸಬಹುದು.

ಡೋಸ್ ವಿಷಯ. ಅಕ್ಯೂಟ್ ಕ್ರಮದಲ್ಲಿ ಕೆ.ಜಿ.ಗೆ 20 ಮಿ.ಗ್ರಾಂ., 2 ಗಂಟೆಗೊಮ್ಮೆ, 4 ಬಾರಿ. ಸಬ್-ಅಕ್ಯೂಟ್‌ನಲ್ಲಿ ಕೆ.ಜಿ.ಗೆ 30 ಮಿ.ಗ್ರಾಂ., ದಿನಕ್ಕೊಂದರಂತೆ 5 ದಿನ. ವಿಷ ದೇಹದಿಂದ ಬೇಗ ಹೊರಹೋಗದಂತೆ ತಡೆಯುವ ಪ್ರೊಬೆನೆಸಿಡ್ ಜೊತೆಗಿನ ಕ್ರಾನಿಕ್ ಕ್ರಮದಲ್ಲಿ ಎಂಪಿಟಿಪಿ 25 ಮಿ.ಗ್ರಾಂ., ಪ್ರೊಬೆನೆಸಿಡ್ 250 ಮಿ.ಗ್ರಾಂ., ವಾರಕ್ಕೆ ಎರಡರಂತೆ 5 ವಾರ. ಅಕ್ಯೂಟ್ ಮತ್ತು ಸಬ್-ಅಕ್ಯೂಟ್ ಡೋಸ್‌ಗಳನ್ನು ಸಾಮಾನ್ಯವಾಗಿ ಫ್ರೀ ಬೇಸ್ (ಸಾಲ್ಟ್ ಆಗಿಸದ ಮೂಲ ಅಣು) ಲೆಕ್ಕದಲ್ಲಿ ಹೇಳುತ್ತಾರೆ. ನಿಮಗೆ ಬರುವುದು ಹೈಡ್ರೋಕ್ಲೋರೈಡ್. ಅಣುತೂಕ 173ಕ್ಕೆ ಬದಲು ಸುಮಾರು 210, ಅಂದರೆ 1.21ರಿಂದ ಗುಣಿಸಬೇಕು. 20 ಮಿ.ಗ್ರಾಂ. ಬೇಸ್ ಎಂದರೆ 24.2 ಮಿ.ಗ್ರಾಂ. ಸಾಲ್ಟ್. ಇದನ್ನು ಬರೆಯದ ಪೇಪರ್‌ಗಳಿಂದಲೇ ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ಸಿಗುವುದಿಲ್ಲ.

ಎಂಪಿಟಿಪಿ ಕೊಟ್ಟ ಮೇಲೆ ಮೌಸ್‌ನ ದೇಹದ ಉಷ್ಣತೆ ಇಳಿಯುತ್ತದೆ, ಉಷ್ಣತೆ ಇಳಿದರೆ ನರಕೋಶದ ಹಾನಿಯೂ ಬದಲಾಗುತ್ತದೆ. ಆದ್ದರಿಂದ ಪ್ರತಿ ಗುಂಪಿನ ಉಷ್ಣತೆ ದಾಖಲಿಸಿ. ಪಂಜರದ ಅರ್ಧ ಭಾಗದ ಕೆಳಗೆ ಮಾತ್ರ ಹೀಟ್ ಪ್ಯಾಡ್ ಇಡಿ, ಬೇಕಾದ ಮೌಸ್ ತಾನೇ ಅತ್ತ ಹೋಗುತ್ತದೆ. ಗಂಡು ಮೌಸ್, 8-10 ವಾರದ್ದು, 22ರಿಂದ 28 ಗ್ರಾಂ ತೂಕದ್ದು ತೆಗೆದುಕೊಳ್ಳಿ. ಅಕ್ಯೂಟ್ ಕ್ರಮದಲ್ಲಿ ಸಾವು ಸಾಮಾನ್ಯ, ಅದನ್ನು ಲೆಕ್ಕಕ್ಕೆ ಹಿಡಿದೇ ಸಂಖ್ಯೆ ಬರೆಯಿರಿ.

ಇನ್ನು ಕಾಲ. ವಿಷದ ಪೆಟ್ಟಿಗೆ ಬದುಕಿರುವ ಕೋಶಗಳೂ ಟಿಎಚ್ ತಯಾರಿಸುವುದನ್ನು ಸ್ವಲ್ಪ ಕಾಲ ನಿಲ್ಲಿಸುತ್ತವೆ. ಅಕ್ಯೂಟ್ ಆದರೆ ಕನಿಷ್ಠ 7 ದಿನ, ಸಬ್-ಅಕ್ಯೂಟ್ ಆದರೆ 21 ದಿನ ಬಿಟ್ಟು ಮೆದುಳು ತೆಗೆಯಿರಿ. ಟಿಎಚ್ ಜೊತೆ ನಿಸ್ಲ್ ಸ್ಟೇನ್ (ಎಲ್ಲ ನರಕೋಶಗಳಿಗೂ ಹಿಡಿಯುವ ಬಣ್ಣ) ಹಿಡಿದ ಕೋಶಗಳನ್ನೂ ಎಣಿಸಿ. ಎರಡೂ ಒಟ್ಟಿಗೆ ಇಳಿದಿದ್ದರೆ ಕೋಶ ಸತ್ತಿದೆ. ಟಿಎಚ್ ಮಾತ್ರ ಇಳಿದಿದ್ದರೆ ಕೋಶ ಇದೆ, ಬಣ್ಣ ಹಿಡಿದಿಲ್ಲ ಅಷ್ಟೇ.

ರೋಟರಾಡ್ ಮೇಲೆ ಭರವಸೆ ಇಡಬೇಡಿ. ಎಂಪಿಟಿಪಿ ಮೌಸ್‌ಗಳ ಚಲನೆ ಕೆಲವು ದಿನಗಳಲ್ಲೇ ಬಹುಮಟ್ಟಿಗೆ ಸರಿಹೋಗುತ್ತದೆ, ಲ್ಯಾಬಿನಿಂದ ಲ್ಯಾಬಿಗೆ ಅಂಕಿ ಬೇರೆ. ನಿಮ್ಮ ಥೀಸಿಸ್ ನಿಲ್ಲಬೇಕಾದದ್ದು ಕೋಶಗಳ ಎಣಿಕೆ ಮತ್ತು ಸ್ಟ್ರಯೇಟಂನ ಡೋಪಮಿನ್ ಮೇಲೆ.

ಕೊನೆಗೆ ಸುರಕ್ಷತೆ, ಇದರಲ್ಲಿ ರಾಜಿ ಬೇಡ. ಇದು ಮನುಷ್ಯರಲ್ಲೇ ಪತ್ತೆಯಾದ ವಿಷ: 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆ ಹೆರಾಯಿನ್ ಚುಚ್ಚಿಕೊಂಡ ಯುವಕರು ದಿನಗಳಲ್ಲೇ ಕಲ್ಲಿನಂತೆ ಬಿಗಿದುಹೋದರು. ಪುಡಿಯನ್ನು ತೂಗಬೇಡಿ. ಸೀಲ್ ಇರುವ ಸೀಸೆಯೊಳಕ್ಕೇ ಸೂಜಿಯಿಂದ ಸಲೈನ್ ಬಿಟ್ಟು ಕರಗಿಸಿ. ಫ್ಯೂಮ್ ಹುಡ್, ಎರಡು ಜೊತೆ ಗ್ಲೌಸ್, ಮುಖಗವಚ ಕಡ್ಡಾಯ. ಮೂತ್ರದಲ್ಲಿ ಎಂಪಿಟಿಪಿಯೂ ಅದರ ಅಂಶಗಳೂ ಹೊರಬರುವುದರಿಂದ ಕೊನೆಯ ಡೋಸ್ ನಂತರ 72 ಗಂಟೆ ಪಂಜರದ ಹಾಸು ಬದಲಿಸಬೇಡಿ, ಬದಲಿಸಿದಾಗ ಅಪಾಯಕಾರಿ ತ್ಯಾಜ್ಯವೆಂದೇ ವಿಲೇವಾರಿ ಮಾಡಿ. ಅನಿಮಲ್ ಹೌಸ್ ಸಹಾಯಕರಿಗೆ ಇದನ್ನು ಕನ್ನಡದಲ್ಲೇ ಬರೆದು ಪಂಜರದ ಮೇಲೆ ಅಂಟಿಸಿ. ಹಾಸು ಮುಟ್ಟುವವರು ಅವರು.

ಸ್ಟೀರಿಯೋ_ಕೈ

ಮೇಲಿನವರ ಮಾತಿಗೆ ಒಪ್ಪಿಗೆ ಇದೆ, ಒಂದು ವಿಷಯ ಬಿಟ್ಟು. ಕೈಕೆಲಸ ಕಲಿಯಬೇಕಾದರೆ ಎಂಪಿಟಿಪಿ ಸಾಲದು, ಹೊಟ್ಟೆಗೆ ಚುಚ್ಚುವುದನ್ನು ಒಂದು ವಾರದಲ್ಲಿ ಯಾರೂ ಕಲಿಯಬಹುದು. ಮೇಘನಾ ಅವರು ರ‍್ಯಾಟ್‌ನಲ್ಲಿ 6-ಒಎಚ್‌ಡಿಎಯಿಂದ ಶುರು ಮಾಡಲಿ ಎಂಬುದು ನನ್ನ ಅಭಿಪ್ರಾಯ. ಉಂಗರ್‌ಸ್ಟೆಟ್ 1968ರಲ್ಲಿ ತೋರಿಸಿಕೊಟ್ಟ ಮಾದರಿ, ಇವತ್ತಿಗೂ ಎಲ್-ಡೋಪಾ (ಈ ಕಾಯಿಲೆಯ ಮುಖ್ಯ ಔಷಧಿ), ಡಿಸ್ಕೈನೇಷಿಯಾ (ಅದರಿಂದ ಬರುವ ಹತೋಟಿಯಿಲ್ಲದ ಚಲನೆ), ಕೋಶ ಕಸಿ ಕೆಲಸಗಳಿಗೆ ಅದೇ ಅಡಿಪಾಯ. ಅಲ್ಲಿ ಕಲಿತ ಸರ್ಜರಿ ಆಮೇಲೆ ಜೀನ್ ಸಾಗಿಸುವ ಎಎವಿ ವೈರಸ್‌ಗೂ ಫೈಬ್ರಿಲ್‌ಗೂ ಹಾಗೇ ಬರುತ್ತದೆ.

225-250 ಗ್ರಾಂ ಸ್ಪ್ರಾಗ್-ಡಾಲಿ ರ‍್ಯಾಟ್‌ಗೆ ಮೀಡಿಯಲ್ ಫೋರ್‌ಬ್ರೈನ್ ಬಂಡಲ್‌ನ (ನೈಗ್ರಾದಿಂದ ಸ್ಟ್ರಯೇಟಂಗೆ ಹೋಗುವ ನರತಂತುಗಳ ಕಟ್ಟು) ಒಂದು ಪ್ರಚಲಿತ ಜಾಗ: ಬ್ರೆಗ್ಮಾದಿಂದ (ತಲೆಬುರುಡೆಯ ಮೂಳೆಗಳು ಕೂಡುವ ಬಿಂದು) 4.4 ಮಿ.ಮೀ. ಹಿಂದಕ್ಕೆ, ಮಧ್ಯರೇಖೆಯಿಂದ 1.2 ಪಕ್ಕಕ್ಕೆ, ಡ್ಯೂರಾದಿಂದ (ಮೆದುಳಿನ ಹೊರಪೊರೆ) 7.8 ಆಳಕ್ಕೆ, ಟೂತ್ ಬಾರ್ ಮೈನಸ್ 2.4ರಲ್ಲಿ. ನಿಮ್ಮಲ್ಲಿ ವಿಸ್ಟಾರ್ ಇದ್ದರೆ, ತೂಕ ಬೇರೆಯಾದರೆ, ಈ ಅಂಕಿಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಬೇರೆ ಕಾರಣಕ್ಕೆ ಕೊನೆಗಾಣಿಸಲಿರುವ 2-3 ರ‍್ಯಾಟ್‌ಗಳಲ್ಲಿ ಮೊದಲು ಬಣ್ಣ ಚುಚ್ಚಿ, ಮೆದುಳು ಕತ್ತರಿಸಿ, ಬಣ್ಣ ಎಲ್ಲಿ ಬಿದ್ದಿದೆ ನೋಡಿ. ಡ್ಯೂರಾ ಬದಲು ತಲೆಬುರುಡೆಯಿಂದ ಆಳ ಅಳೆಯುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಸೂಜಿ ಮೇಲೆಯೇ ನಿಲ್ಲುತ್ತದೆ, ಲೀಷನ್ (ವಿಷ ಮಾಡುವ ಹಾನಿ) ಅರ್ಧಂಬರ್ಧ ಆಗುತ್ತದೆ.

ದ್ರಾವಣ: ಫ್ರೀ ಬೇಸ್ ಲೆಕ್ಕದಲ್ಲಿ ಮೈಕ್ರೋಲೀಟರ್‌ಗೆ 3 ಮೈಕ್ರೋಗ್ರಾಂ, 0.02 ಶೇಕಡಾ ಆಸ್ಕಾರ್ಬಿಕ್ ಆಮ್ಲ ಇರುವ ಸಲೈನ್‌ನಲ್ಲಿ. ಇಲ್ಲೂ ಸಾಲ್ಟ್ ಲೆಕ್ಕ ಮರೆಯಬೇಡಿ. ಹೈಡ್ರೋಬ್ರೋಮೈಡ್ ಆದರೆ ಮೈಕ್ರೋಲೀಟರ್‌ಗೆ 4.43, ಹೈಡ್ರೋಕ್ಲೋರೈಡ್ ಆದರೆ 3.65 ಮೈಕ್ರೋಗ್ರಾಂ. ಮಂಜುಗಡ್ಡೆಯಲ್ಲಿ, ಫಾಯಿಲ್ ಸುತ್ತಿ ಇಡಿ. ನೀರಿನಂತೆ ತಿಳಿಯಾಗಿರಬೇಕು. ಗುಲಾಬಿ ಅಥವಾ ಕಂದು ಬಣ್ಣ ಬಂತೆಂದರೆ ಆಕ್ಸಿಡೈಸ್ ಆಗಿದೆ, ಚೆಲ್ಲಿ ಹೊಸದು ಮಾಡಿ. ಬೆಳಿಗ್ಗೆ ಮಾಡಿದ್ದನ್ನು ಸಂಜೆಯ ರ‍್ಯಾಟ್‌ಗೆ ಬಳಸಿದರೆ ಒಂದೇ ಗುಂಪಿನಲ್ಲಿ ಎರಡು ಬಗೆಯ ಲೀಷನ್ ಬರುತ್ತದೆ. ಒಟ್ಟು 4 ಮೈಕ್ರೋಲೀಟರ್, ನಿಮಿಷಕ್ಕೆ 0.5ರ ವೇಗ, ಮುಗಿದ ಮೇಲೆ 5 ನಿಮಿಷ ಸೂಜಿ ಅಲ್ಲೇ ಬಿಟ್ಟು ನಿಧಾನಕ್ಕೆ ಎಳೆಯಿರಿ. ಬೇಗ ಎಳೆದರೆ ವಿಷ ಸೂಜಿಯ ದಾರಿಯಲ್ಲೇ ಮೇಲೇರಿ ಕಾರ್ಟೆಕ್ಸ್‌ಗೆ ಬರುತ್ತದೆ. ನಾರ್‌ಅಡ್ರಿನಲಿನ್ ನರಗಳನ್ನು ಕಾಪಾಡಬೇಕಿದ್ದರೆ 30 ನಿಮಿಷ ಮೊದಲು ಡೆಸಿಪ್ರಮಿನ್, ಕೆ.ಜಿ.ಗೆ 25 ಮಿ.ಗ್ರಾಂ.

ವಿಷ ಮೆದುಳಿನ ಒಂದೇ ಬದಿಗೆ ಹೋಗಿರುವುದರಿಂದ ಔಷಧಿ ಕೊಟ್ಟಾಗ ರ‍್ಯಾಟ್ ಒಂದೇ ದಿಕ್ಕಿಗೆ ಸುತ್ತುತ್ತದೆ. ಲೀಷನ್ ಪರೀಕ್ಷೆಗೆ ಪಠ್ಯದಲ್ಲಿ ಬರೆದಿರುವುದು ಆಂಫೆಟಮಿನ್: ಕೆ.ಜಿ.ಗೆ 2.5 ಮಿ.ಗ್ರಾಂ., 90 ನಿಮಿಷ, ಲೀಷನ್ ಇರುವ ಕಡೆಗೆ ನಿಮಿಷಕ್ಕೆ 5ಕ್ಕಿಂತ ಹೆಚ್ಚು ಪೂರ್ಣ ಸುತ್ತು. ಭಾರತದಲ್ಲಿ ಅದು ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯಡಿ ಬರುವುದರಿಂದ ಅನುಮತಿ ಸುಲಭವಲ್ಲ. ಅಪೋಮಾರ್ಫಿನ್ ಬಳಸಿ, ಚರ್ಮದಡಿ ಕೆ.ಜಿ.ಗೆ 0.05 ಮಿ.ಗ್ರಾಂ. ರ‍್ಯಾಟ್ ವಿರುದ್ಧ ದಿಕ್ಕಿಗೆ ತಿರುಗುತ್ತದೆ, ಅದೂ ಲೀಷನ್ ತೀವ್ರವಾಗಿದ್ದರೆ ಮಾತ್ರ. ಇದನ್ನೂ ಆಸ್ಕಾರ್ಬಿಕ್ ಆಮ್ಲದಲ್ಲೇ ಕರಗಿಸಬೇಕು, ಹಸಿರಾದರೆ ಎಸೆಯಬೇಕು. ಪದೇಪದೇ ಕೊಟ್ಟರೆ ರ‍್ಯಾಟ್ ಔಷಧಿಗೆ ಹೆಚ್ಚು ಸ್ಪಂದಿಸಿ ಇನ್ನಷ್ಟು ತಿರುಗತೊಡಗುತ್ತದೆ, ಹಾಗಾಗಿ ಪರೀಕ್ಷೆಗಳ ನಡುವೆ ಅಂತರವಿರಲಿ. ಔಷಧಿಯೇ ಬೇಡದ ಸಿಲಿಂಡರ್ ಪರೀಕ್ಷೆ ತಪ್ಪದೆ ಮಾಡಿ: ಗಾಜಿನ ಸಿಲಿಂಡರಿನಲ್ಲಿ ಬಿಟ್ಟು ಗೋಡೆಗೆ ಮುಂಗಾಲು ಊರಿದ್ದನ್ನು ಕನಿಷ್ಠ 20 ಬಾರಿ ವಿಡಿಯೋದಲ್ಲಿ ಎಣಿಸಿ, ಯಾವ ಕಾಲು ಎಷ್ಟು ಸಲ ಎಂದು ನೋಡಿ.

ಸರ್ಜರಿಯ ನಂತರದ ಆರೈಕೆ ಪೇಪರ್‌ಗಳಲ್ಲಿ ಕಾಣುವುದಿಲ್ಲ, ಲ್ಯಾಬಿನ ಫಲಿತಾಂಶ ನಿಂತಿರುವುದು ಅದರ ಮೇಲೆ. ಮೊದಲ ವಾರ ದಿನಾ ತೂಕ ನೋಡಿ. ಪೆಲೆಟ್ ನೆನೆಸಿ ಮೆತ್ತಗೆ ಮಾಡಿ ನೆಲದ ಮೇಲೇ ಇಡಿ, ಬೇಕಾದರೆ ಚರ್ಮದಡಿ ಬೆಚ್ಚಗಿನ ಸಲೈನ್ ಕೊಡಿ. ಮೌಸ್‌ನಲ್ಲಿ ಇದೇ ಲೀಷನ್ ಮಾಡಿದರೆ ಸಾವು ಇನ್ನೂ ಹೆಚ್ಚು, ಆದ್ದರಿಂದಲೇ ರ‍್ಯಾಟ್‌ನಿಂದ ಶುರು ಮಾಡಿ ಎಂದೆ.

ಮೇಘನಾ_ಬಯೋಕೆಮ್

ಇಬ್ಬರಿಗೂ ತುಂಬಾ ಧನ್ಯವಾದ. ಎರಡು ಸಂದೇಹ. ಫೈಬ್ರಿಲ್ ಮಾದರಿಯನ್ನು ಪಿಎಚ್‌ಡಿ ಅವಧಿಯಲ್ಲಿ ಮುಗಿಸಲು ಸಾಧ್ಯವೇ? ಇನ್ನೊಂದು, ನಮ್ಮ ಅನಿಮಲ್ ಹೌಸಿನ ಮೌಸ್‌ಗಳ ದಾಖಲೆಯಲ್ಲಿ ಸಿ57ಬಿಎಲ್/6 ಎಂದಷ್ಟೇ ಇದೆ. ಅಷ್ಟು ಸಾಕೇ?

ಫೈಬ್ರಿಲ್_ಬೆಂಚ್

ಎರಡನೆಯದಕ್ಕೆ ಮೊದಲು ಉತ್ತರ, ಏಕೆಂದರೆ ಅದು ನಿಮ್ಮ ಇಡೀ ಕೆಲಸವನ್ನೇ ಮುಳುಗಿಸಬಲ್ಲದು. ಸಾಲದು. ಸಿ57ಬಿಎಲ್/6ಜೆ-ಓಲಾಎಚ್‌ಎಸ್‌ಡಿ ಎಂಬ ಉಪತಳಿಯಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಜೀನ್ ತಾನಾಗಿಯೇ ಅಳಿಸಿಹೋಗಿದೆ, 2001ರಲ್ಲೇ ಇದು ಬೆಳಕಿಗೆ ಬಂದಿದೆ. ಫೈಬ್ರಿಲ್ ಕೆಲಸ ಮಾಡುವುದೇ ಮೌಸ್‌ನ ಸ್ವಂತ ಸಿನ್ಯೂಕ್ಲಿನ್ ಅನ್ನು ಕೆಡಿಸಿ. ಅದೇ ಇಲ್ಲದ ಮೌಸ್‌ಗೆ ಚುಚ್ಚಿ ಆರು ತಿಂಗಳು ಕಾದರೂ ಏನೂ ಕಾಣುವುದಿಲ್ಲ. ಇನ್ನು ಜ್ಯಾಕ್ಸನ್ ಮೂಲದ 6ಜೆ ತಳಿಯಲ್ಲಿ ಎನ್‌ಎನ್‌ಟಿ ಎಂಬ ಮೈಟೋಕಾಂಡ್ರಿಯಾ ಕಿಣ್ವದ ಜೀನ್ ಕೆಟ್ಟಿದೆ, 6ಎನ್ ತಳಿಯಲ್ಲಿ ಸರಿಯಿದೆ. ಆಕ್ಸಿಡೇಟಿವ್ ಸ್ಟ್ರೆಸ್ ಅಳೆಯುವವರು ಒಂದು ಗುಂಪಿಗೆ 6ಜೆ, ಇನ್ನೊಂದಕ್ಕೆ 6ಎನ್ ತೆಗೆದುಕೊಂಡರೆ ಕಾಣುವ ವ್ಯತ್ಯಾಸ ಔಷಧಿಯದ್ದಲ್ಲ, ತಳಿಯದ್ದು. ಬಾಲದ ತುದಿಯಿಂದ ಡಿಎನ್‌ಎ ತೆಗೆದು ಎರಡೂ ಜೀನ್‌ಗೆ ಪಿಸಿಆರ್ ಮಾಡಿ. ಒಂದು ದಿನದ ಕೆಲಸ.

ಫೈಬ್ರಿಲ್ ಬಗ್ಗೆ: ಆಗುತ್ತದೆ, ಆದರೆ ಮೊದಲ ವರ್ಷ ಪೂರ್ತಿ ಪ್ರೋಟೀನ್‌ಗೆ ಹೋಗುತ್ತದೆ ಎಂದು ಲೆಕ್ಕ ಹಾಕಿ. ಬಯೋಕೆಮಿಸ್ಟ್ರಿ ಓದಿದ ನಿಮಗೆ ಇದು ಅನುಕೂಲವೇ. ಮೌಸ್‌ಗೆ ಚುಚ್ಚುವುದಾದರೆ ಮೌಸ್ ಸಿನ್ಯೂಕ್ಲಿನ್ ಅನ್ನೇ ಇ. ಕೋಲೈನಲ್ಲಿ ಬೆಳೆಸಿ. ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ತೆಗೆಯದೆ ಮುಂದೆ ಹೋಗಬೇಡಿ. ಅದು ಉಳಿದರೆ ಮೈಕ್ರೋಗ್ಲಿಯಾ (ಮೆದುಳಿನ ರಕ್ಷಣಾ ಕೋಶಗಳು) ಕೆರಳುವುದು ಫೈಬ್ರಿಲ್‌ಗೋ ಬ್ಯಾಕ್ಟೀರಿಯಾಗೋ ಎಂದು ಹೇಳಲಾಗದು. ಮಿ.ಲೀ.ಗೆ 5 ಮಿ.ಗ್ರಾಂ. ಮೊನೊಮರ್ (ಇನ್ನೂ ಎಳೆಯಾಗದ ಬಿಡಿ ಪ್ರೋಟೀನ್), 37 ಡಿಗ್ರಿ, 1000 ಆರ್‌ಪಿಎಂ, 7 ದಿನ ಅಲುಗಾಡಿಸಬೇಕು. ಆಮೇಲೆ ಎಳೆಗಳಿಗೆ ಅಂಟಿ ಹೊಳೆಯುವ ಥಯೋಫ್ಲೇವಿನ್-ಟಿ ಬಣ್ಣದ ಹೊಳಪು ನೋಡಿ, 1,00,000 ಜಿ ಬಲದಲ್ಲಿ ಸೆಂಟ್ರಿಫ್ಯೂಜ್ ಮಾಡಿ ಎಷ್ಟು ಭಾಗ ತಳಕ್ಕೆ ಕೂತಿದೆ ನೋಡಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಎಳೆಗಳನ್ನು ನೋಡಿ. ಮೂರೂ ಸರಿ ಇದ್ದರಷ್ಟೇ ಸಣ್ಣ ಭಾಗಗಳಾಗಿ ಹಂಚಿ ಮೈನಸ್ 80ಕ್ಕೆ ಇಡಿ.

ಈ ಮಾದರಿ ಕೈಕೊಡುವುದು ಹೆಚ್ಚಾಗಿ ಸೋನಿಕೇಷನ್‌ನಲ್ಲಿ, ಅಂದರೆ ಶಬ್ದತರಂಗದಿಂದ ಎಳೆ ತುಂಡರಿಸುವುದರಲ್ಲಿ. ಉದ್ದ ಎಳೆಗಳು ನರಕೋಶದೊಳಗೆ ಸರಿಯಾಗಿ ಹೋಗುವುದಿಲ್ಲ. ಚುಚ್ಚುವ ದಿನವೇ ಕೋಣೆಯ ಉಷ್ಣತೆಯಲ್ಲಿ ಕರಗಿಸಿ, ಸೋನಿಕೇಟ್ ಮಾಡಿ, ಸರಾಸರಿ ಉದ್ದ 50 ನ್ಯಾನೋಮೀಟರ್ ಅಥವಾ ಅದಕ್ಕಿಂತ ಕಡಿಮೆ ಬಂದಿದೆಯೇ ಎಂದು ಮೈಕ್ರೋಸ್ಕೋಪ್‌ನಲ್ಲಿ ಖಚಿತ ಮಾಡಿಕೊಳ್ಳಿ. ಹಿಂದಿನ ಬ್ಯಾಚ್ ಸರಿಯಿತ್ತು ಎಂದು ಈ ಬ್ಯಾಚ್ ಬಿಡಬೇಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಸಿಡಿದ ಹನಿ ಒರೆಸಲು ಸ್ಪಿರಿಟ್ ಸಾಲದು, ಶೇಕಡಾ 1ರ ಎಸ್‌ಡಿಎಸ್ ಬಳಸಿ.

ಮೌಸ್‌ನ ಸ್ಟ್ರಯೇಟಂಗೆ 5 ಮೈಕ್ರೋಗ್ರಾಂ, 2.5 ಮೈಕ್ರೋಲೀಟರ್‌ನಲ್ಲಿ: ಬ್ರೆಗ್ಮಾದಿಂದ 0.2 ಮುಂದಕ್ಕೆ, 2.0 ಪಕ್ಕಕ್ಕೆ, ಡ್ಯೂರಾದಿಂದ 2.6 ಆಳಕ್ಕೆ. 2012ರಲ್ಲಿ ಪೆನ್ಸಿಲ್ವೇನಿಯಾದ ತಂಡ ಸಾಮಾನ್ಯ ಮೌಸ್‌ನಲ್ಲಿ ಕಾಯಿಲೆ ಹರಡುವುದನ್ನು ತೋರಿಸಿದ್ದು ಈ ಕ್ರಮದಲ್ಲೇ. ಒಂದರಿಂದ ಮೂರು ತಿಂಗಳಲ್ಲಿ ಸೆರೀನ್-129ರಲ್ಲಿ ಫಾಸ್ಫೇಟ್ ಅಂಟಿದ ಸಿನ್ಯೂಕ್ಲಿನ್ ಕಾಣುತ್ತದೆ, ನೈಗ್ರಾ ಕೋಶಗಳ ನಷ್ಟ ಗಟ್ಟಿಯಾಗಿ ಕಾಣಲು ಆರು ತಿಂಗಳು ಬೇಕು. ಕಂಟ್ರೋಲ್‌ಗೆ ಅಷ್ಟೇ ಪ್ರಮಾಣದ ಮೊನೊಮರ್ ಇರಲಿ. ಆಂಟಿಬಾಡಿ ಆರಿಸುವಾಗ ಎಚ್ಚರ: 81ಎ ಎಂಬುದು ಫಾಸ್ಫೇಟ್ ಇರುವ ನ್ಯೂರೋಫಿಲಮೆಂಟ್‌ಗೂ ಅಂಟುತ್ತದೆ. ಮೊದಲು ಹೇಳಿದ ಸಿನ್ಯೂಕ್ಲಿನ್ ಇಲ್ಲದ ತಳಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದರ ಮೆದುಳಿನಲ್ಲೂ ಬಣ್ಣ ಬಂದರೆ ಆಂಟಿಬಾಡಿ ಸುಳ್ಳು ಹೇಳುತ್ತಿದೆ.

ಒಂದು ಕೊಹಾರ್ಟ್‌ಗೆ (ಒಟ್ಟಿಗೆ ಚುಚ್ಚಿದ ಪ್ರಾಣಿಗಳ ತಂಡಕ್ಕೆ) ಆರು ತಿಂಗಳು, ಎಣಿಕೆಗೆ ಎರಡು ಮೂರು ತಿಂಗಳು, ಮತ್ತೊಮ್ಮೆ ಮಾಡಿ ಖಾತ್ರಿಪಡಿಸಲು ಅಷ್ಟೇ ಕಾಲ. ಜೆಆರ್‌ಎಫ್, ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಸೇರಿ ಐದು ವರ್ಷದಲ್ಲಿ ಒಂದು ಪ್ರಶ್ನೆ ಮುಗಿಯುತ್ತದೆ, ಮೂರು ಪ್ರಶ್ನೆ ಇಟ್ಟುಕೊಂಡರೆ ಮುಗಿಯುವುದಿಲ್ಲ. ಫೈಬ್ರಿಲ್ ಚುಚ್ಚಿದ ಮೇಲೆ ಒಂದೆರಡು ತಿಂಗಳು ಬಿಟ್ಟು ಔಷಧಿ ಶುರು ಮಾಡಬಹುದು ಎಂಬುದು ಇದರ ದೊಡ್ಡ ಬಲ. ರೋಗಿ ವೈದ್ಯರ ಬಳಿ ಬರುವುದೂ ಒಳಗೆ ಕಾಯಿಲೆ ಶುರುವಾದ ಎಷ್ಟೋ ಕಾಲದ ಮೇಲೇ ಅಲ್ಲವೇ? ಎಂಪಿಟಿಪಿ ಮಾದರಿಯಲ್ಲಿ ಮೊದಲೇ ಕೊಟ್ಟು ಗೆದ್ದ ಸಿಇಪಿ-1347 ಎಂಬ ಔಷಧಿ 806 ರೋಗಿಗಳ ಪ್ರಯೋಗದಲ್ಲಿ ಸೋತಿತು. ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿದ್ದ ಇಸ್ರಾಡಿಪಿನ್ 336 ಜನರಲ್ಲಿ 36 ತಿಂಗಳ ಪ್ರಯೋಗದ ಬಳಿಕ 2020ರಲ್ಲಿ ಫಲವಿಲ್ಲವೆಂದು ವರದಿಯಾಯಿತು.

ಹಣ್ಣುನೊಣ_ಮೈಸೂರು

ಯಾರೂ ನೊಣದ ಮಾತೆತ್ತಲಿಲ್ಲ. ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ, ರೋಟೆನೋನ್ ಕೊಟ್ಟ ನೊಣಗಳ ಮೇಲೆ ಬ್ರಾಹ್ಮಿಯ ಪರಿಣಾಮ ನೋಡಿದ ಕೆಲಸ 2009ರಲ್ಲೇ ಮೈಸೂರಿನಿಂದ ಬಂದಿದೆ. ಗಿಡಮೂಲಿಕೆ ಸಾರದ ಮೊದಲ ಜರಡಿಗೆ ಮೌಸ್ ಕೊಲ್ಲುವ ಅಗತ್ಯವಿಲ್ಲ. ಆಹಾರದಲ್ಲಿ 125ರಿಂದ 500 ಮೈಕ್ರೋಮೋಲಾರ್ ರೋಟೆನೋನ್, 7 ದಿನ, ಆಮೇಲೆ ಕೊಳವೆ ತಟ್ಟಿ ನೊಣಗಳು ಮೇಲಕ್ಕೆ ಹತ್ತುವುದನ್ನು ಎಣಿಸುವುದು. ಒಂದು ಮೋಸ ಇದೆ: ಸಾರ ಕಹಿಯಾದರೆ ನೊಣ ತಿನ್ನುವುದೇ ಕಡಿಮೆ, ರೋಟೆನೋನ್ ಕೂಡ ಕಡಿಮೆ ಹೋಗುತ್ತದೆ, ಫಲಿತಾಂಶ ಚೆನ್ನಾಗಿ ಕಾಣುತ್ತದೆ. ಆಹಾರಕ್ಕೆ ನೀಲಿ ಬಣ್ಣ ಹಾಕಿ, ನೊಣಗಳನ್ನು ಅರೆದು ಬಣ್ಣ ಅಳೆದು, ಎರಡೂ ಗುಂಪು ಸಮನಾಗಿ ತಿಂದಿವೆಯೇ ನೋಡಿ. ನೊಣಕ್ಕೆ ಸ್ವಂತ ಸಿನ್ಯೂಕ್ಲಿನ್ ಇಲ್ಲ, ಮನುಷ್ಯರ ಜೀನ್ ಹಾಕಿದ ತಳಿ ಬೇಕಾಗುತ್ತದೆ.

ನಿಮ್ಮ ಗಿಡ ನಸುಗುನ್ನಿ ಅಲ್ಲ ತಾನೇ? ಅದರ ಬೀಜದಲ್ಲಿ ಎಲ್-ಡೋಪಾ ಶೇಕಡಾ 4-6ರಷ್ಟಿರುತ್ತದೆ. ಮೌಸ್ ಚೆನ್ನಾಗಿ ಓಡಿದರೆ ಅದು ಎಲ್-ಡೋಪಾದ ಕೆಲಸ, ಕೋಶ ಉಳಿದದ್ದಕ್ಕೆ ಸಾಕ್ಷಿಯಲ್ಲ. ಯಾವ ಸಾರವಾದರೂ ಸರಿ, ಚಲನೆಯ ಪರೀಕ್ಷೆಗೆ ಮುನ್ನ ಕೆಲವು ದಿನ ನಿಲ್ಲಿಸಿ.

ನೈಗ್ರಾ_ಎಣಿಕೆ

ನಸುಗುನ್ನಿಯ ಮಾತು ಬಹಳ ಮುಖ್ಯ. ಎಣಿಕೆ ಬಗ್ಗೆ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ಕೆಲಸ ಕೊಡುವವರು ಕೊನೆಗೆ ನೋಡುವುದು ಅದನ್ನೇ. ಒಂದು ಸೆಕ್ಷನ್‌ನ ಫೋಟೋ ತೆಗೆದು ಅದರಲ್ಲಿ ಕಂಡ ಕೋಶಗಳನ್ನು ಎಣಿಸುವುದು ಎಣಿಕೆಯಲ್ಲ. ನೈಗ್ರಾ ಪೂರ್ತಿ 40 ಮೈಕ್ರಾನ್ ಸೆಕ್ಷನ್ ಕತ್ತರಿಸಿ, ಮೌಸ್‌ನಲ್ಲಿ ಪ್ರತಿ ನಾಲ್ಕನೆಯದನ್ನು, ರ‍್ಯಾಟ್‌ನಲ್ಲಿ ಪ್ರತಿ ಆರನೆಯದನ್ನು ತೆಗೆದುಕೊಳ್ಳಿ. ಮೊದಲ ಸೆಕ್ಷನ್ ಯಾವುದು ಎಂಬುದು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿರಲಿ. ಆಪ್ಟಿಕಲ್ ಫ್ರಾಕ್ಷನೇಟರ್ (ಅಲ್ಲಲ್ಲಿ ಎಣಿಸಿ ಒಟ್ಟು ಕೋಶಗಳನ್ನು ಅಂದಾಜಿಸುವ ವಿಧಾನ) ಬಳಸಿ. ಒಣಗಿದ ಮೇಲೆ ಸೆಕ್ಷನ್ ಅರ್ಧಕ್ಕಿಂತ ತೆಳುವಾಗುತ್ತದೆ, ಆಂಟಿಬಾಡಿ ನಡುವಿನ ತನಕ ಇಳಿದಿದೆಯೇ ಎಂದು ಫೋಕಸ್ ಮೇಲೆ ಕೆಳಗೆ ಮಾಡಿ ನೋಡಿ. ಎಣಿಕೆ ಎಷ್ಟು ನಿಖರ ಎಂದು ಹೇಳುವ ಗಂಡರ್ಸನ್ ದೋಷಾಂಕ 0.10ಕ್ಕಿಂತ ಕಡಿಮೆ ಬರಬೇಕು. ಆರೋಗ್ಯವಂತ ಸಿ57 ಮೌಸ್‌ನ ಒಂದು ಬದಿಯಲ್ಲಿ ಟಿಎಚ್ ಕೋಶಗಳು ಸುಮಾರು 4,000ದಿಂದ 6,000. ನಿಮ್ಮ ಕಂಟ್ರೋಲ್‌ನಲ್ಲಿ 900 ಬಂದರೆ ತಪ್ಪು ಮೌಸ್‌ನದ್ದಲ್ಲ. ಎಣಿಸುವವರಿಗೆ ಗುಂಪು ಯಾವುದೆಂದು ತಿಳಿಯಬಾರದು, ಸ್ಲೈಡ್ ಮೇಲಿನ ಸಂಕೇತವನ್ನು ಬೇರೆಯವರು ಬರೆಯಲಿ.

ಗುಂಪಿನ ಸಂಖ್ಯೆಗೆ ಸರಳ ಅಂದಾಜು: ನಿರೀಕ್ಷಿತ ವ್ಯತ್ಯಾಸವನ್ನು ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸಿ, ಬಂದದ್ದರ ವರ್ಗದಿಂದ 16 ಅನ್ನು ಭಾಗಿಸಿ. ಮೊದಲ ಭಾಗಾಕಾರದಲ್ಲಿ ಬಂದದ್ದು 1.3 ಆದರೆ ಗುಂಪಿಗೆ ಸುಮಾರು 10, 1 ಆದರೆ 16. ಆರಾರು ಮೌಸ್ ಇಟ್ಟು ಏನೂ ಹೇಳಲಾಗದೆ ಹೋದರೆ ಅಷ್ಟೂ ಪ್ರಾಣಿಗಳು ವ್ಯರ್ಥ.

ಫೈಬ್ರಿಲ್_ಬೆಂಚ್

ಮುಂದಿನ ದಾರಿ ಬಗ್ಗೆಯೂ ಕೇಳಿದ್ದಿರಿ. ಜೆಆರ್‌ಎಫ್‌ಗೆ 2023ರಿಂದ ತಿಂಗಳಿಗೆ 37,000, ಎಸ್‌ಆರ್‌ಎಫ್‌ಗೆ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಪೋಸ್ಟ್‌ಡಾಕ್‌ಗೆ ಹೊರಗೆ ಹೋಗುವುದಾದರೆ ಒಂದೇ ಮಾದರಿಯ ಪರಿಣತಿಗಿಂತ ಸರ್ಜರಿ, ಸ್ಟೀರಿಯಾಲಜಿ (ಮೇಲೆ ಹೇಳಿದ ಕೋಶ ಎಣಿಕೆ), ಪ್ರೋಟೀನ್ ಕೆಲಸ, ಈ ಮೂರರಲ್ಲಿ ಎರಡು ಕೈಯಲ್ಲಿರುವವರನ್ನು ಲ್ಯಾಬ್‌ಗಳು ಹುಡುಕುತ್ತವೆ. ವಾಪಸ್ ಬರುವವರಿಗೆ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ರಾಮಲಿಂಗಸ್ವಾಮಿ ಫೆಲೋಶಿಪ್, ಇಂಡಿಯಾ ಅಲಯನ್ಸ್ ಫೆಲೋಶಿಪ್‌ಗಳಿವೆ. ಹೊಸದಾಗಿ ಕೆಲಸಕ್ಕೆ ಸೇರಿದ ಅಧ್ಯಾಪಕರಿಗೆ ಈಗ ಎಎನ್‌ಆರ್‌ಎಫ್‌ನ (ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ) ಅನುದಾನಗಳಿವೆ. ನಿಮ್ಮ ಲ್ಯಾಬಿನಲ್ಲಿ ಮಾದರಿ ಸರಿಯಾಗಿ ನಿಂತಿದೆ ಎಂದು ತೋರಿಸುವ ದತ್ತಾಂಶ, ಅಂದರೆ ಸತ್ತ ಪ್ರಾಣಿಗಳ ಲೆಕ್ಕ, ಬಿಟ್ಟುಹೋದ ಪ್ರಾಣಿಗಳ ಕಾರಣ, ಬ್ಯಾಚ್‌ನಿಂದ ಬ್ಯಾಚ್‌ಗೆ ವ್ಯತ್ಯಾಸ, ಇವನ್ನು ಮೊದಲ ದಿನದಿಂದ ಜೋಡಿಸಿಡಿ. ಸಂದರ್ಶನದಲ್ಲಿ ಅದೇ ಮಾತಾಡುತ್ತದೆ.

ಮೇಘನಾ_ಬಯೋಕೆಮ್

ಗೈಡ್ ಜೊತೆ ಮಾತಾಡಿದೆ. ಮೊದಲು ತಳಿಯ ಪಿಸಿಆರ್, ನೊಣಗಳಲ್ಲಿ ಸಾರದ ಜರಡಿ, ಆಮೇಲೆ ಎಂಪಿಟಿಪಿ ಸಬ್-ಅಕ್ಯೂಟ್, ಎಂಪಿಪಿ-ಪ್ಲಸ್ ಅಳತೆಯೊಂದಿಗೆ. ಔಷಧಿ ವಿಷದ ನಂತರ ಶುರುವಾಗುವ ಒಂದು ಗುಂಪೂ ಇರುತ್ತದೆ. ಜೊತೆಜೊತೆಗೇ ರ‍್ಯಾಟ್ ಸರ್ಜರಿ ಕಲಿಯುತ್ತೇನೆ. ಪ್ರಾಣಿ ಪ್ರಯೋಗದ ಅನುಮತಿಗೆ ಅರ್ಜಿ ಬರೆಯಲು ಕೂತಿದ್ದೇನೆ.

ಸ್ಟೀರಿಯೋ_ಕೈ

ಚೆನ್ನಾಗಿದೆ. ಅರ್ಜಿ ಈಗ ಸಿಸಿಎಸ್‌ಇಎ (ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣೆಯ ಕೇಂದ್ರ ಸಮಿತಿ) ಹೆಸರಿನಲ್ಲಿದೆ, ಹಳೆಯ ಸಿಪಿಸಿಎಸ್‌ಇಎ ನಮೂನೆ ನಕಲು ಮಾಡಬೇಡಿ. ಫಾರ್ಮ್ ಬಿ ತುಂಬಿ ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಕೊಡಿ. ಮುಂದೆ ಎಎವಿ ಅಥವಾ ಜೀನ್ ಬದಲಿಸಿದ ತಳಿ ಬಳಸುವ ಯೋಚನೆ ಇದ್ದರೆ ಬಯೋಸೇಫ್ಟಿ ಸಮಿತಿಯ ಒಪ್ಪಿಗೆ ಬೇರೆ. ಎಂಪಿಪಿ-ಪ್ಲಸ್‌ಗೆ ಬೇಕಾದ ಮೌಸ್‌ಗಳು, ಬಣ್ಣ ಚುಚ್ಚಿ ಜಾಗ ಪರೀಕ್ಷಿಸುವ ರ‍್ಯಾಟ್‌ಗಳು, ಸಾಯಬಹುದಾದವುಗಳ ಹೆಚ್ಚುವರಿ ಸಂಖ್ಯೆ, ಎಷ್ಟು ತೂಕ ಇಳಿದರೆ ಪ್ರಾಣಿಯನ್ನು ಕೊನೆಗಾಣಿಸುತ್ತೀರಿ ಎಂಬ ಮಿತಿ, ಎಲ್ಲವನ್ನೂ ಈಗಲೇ ಬರೆಯಿರಿ. ಬಿಟ್ಟುಹೋದರೆ ತಿದ್ದುಪಡಿಗೆ ಸಮಿತಿಯ ಮುಂದಿನ ಸಭೆವರೆಗೆ ಕಾಯಬೇಕು, ಅಷ್ಟರಲ್ಲಿ ಮೌಸ್‌ಗಳ ವಯಸ್ಸು ಮೀರಿರುತ್ತದೆ.